ಗುಡಿಸುವವಳ ಮಗ ಮತ್ತು ನಾವು

ಕತೆಯೊಂದರ ಪಾತ್ರ ನಮ್ಮ ಎದೆಗೆ ತಟ್ಟದಿದ್ದರೆ ತಪ್ಪು ಯಾರದು? ಬರೆದವನದೋ, ಓದಿದ ನಮ್ಮದೋ?

ಬೆನ್ ಆರನೊವಿಚ್ ಎಂಬ ಇಂಗ್ಲಿಷ್ ಲೇಖಕ 2011ರಲ್ಲಿ ‘ರಿವರ್ಸ್ ಆಫ್ ಲಂಡನ್’ ಬರೆದ. ಅದು ಕಾದಂಬರಿಗಳ ಸಾಲಾಗಿ ಬೆಳೆಯಿತು. ಇವತ್ತಿನ ಲಂಡನ್ನಿನ ಬೀದಿಗಳಲ್ಲೇ ದೆವ್ವ, ಮಾಟ, ನದಿದೇವತೆಗಳು ಓಡಾಡುವ ಕತೆ. ನಾಯಕ ಪೀಟರ್ ಗ್ರಾಂಟ್ ಒಬ್ಬ ಪೊಲೀಸ್ ಪೇದೆ. ತಾಯಿ ಆಫ್ರಿಕಾದ ಸಿಯೆರಾ ಲಿಯೋನ್‌ನಿಂದ ಬಂದವಳು. ಗುಡಿಸಿ ಒರೆಸುವ ಕೆಲಸದವಳು.

ಇಷ್ಟು ತಿಳಿದಾಗ ನಾವು ಹಿಗ್ಗಿದೆವು. ಗುಡಿಸುವವಳ ಮಗ ಮಂತ್ರ ಕಲಿಯುತ್ತಾನೆ! ಶಂಬೂಕನ ತಲೆ ಉರುಳಿಸಿದ ಕತೆಯನ್ನು ಪುಣ್ಯಕತೆ ಎಂದು ಕೇಳಿಸಿಕೊಂಡ ನಾಡಿನವರು ನಾವು. ಇವನು ನಮ್ಮವನಾಗದೆ ಇನ್ಯಾರು ಆದಾರು?

ಆದರೆ ಪುಟ ತಿರುವಿದಷ್ಟೂ ಅವನು ದೂರವೇ ನಿಂತ. ಕೊಲೆಯಾದ ಜಾಗವನ್ನು ಚಳಿಯಲ್ಲಿ ಕಾಯುತ್ತಿದ್ದವನ ಮುಂದೆ ದೆವ್ವವೊಂದು ಬಂದು ಸಾಕ್ಷಿ ಹೇಳುತ್ತೆ. ಇವನು ಹೇಳಿಕೆ ಬರೆದುಕೊಳ್ಳೋಕೆ ಹೊರಡ್ತಾನೆ. ನಗು ಬಂತು, ನಿಜ. ಆದರೆ ದೂರು ಕೊಡಲು ಹೋದವನನ್ನೇ ಹಿಡಿದು ಕೂರಿಸುವ ಠಾಣೆ ಕಂಡವರಿಗೆ, ದೆವ್ವದ ಮಾತನ್ನೂ ಬರೆದುಕೊಳ್ಳುವ ಪೊಲೀಸನೇ ಆ ಪುಸ್ತಕದ ದೊಡ್ಡ ಮಾಯೆಯಾಗಿ ಕಂಡ.

ಇದು ಬರೀ ನಮ್ಮ ಕೇರಿಯ ಅನುಮಾನ ಅಲ್ಲ. 1993ರಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆಯಾಯಿತು. ಅದರ ತನಿಖೆ ಹೇಗೆ ನಡೆಯಿತೆಂದು ವಿಚಾರಿಸಿದ ಮ್ಯಾಕ್‌ಫರ್ಸನ್ ವರದಿ, ಲಂಡನ್ ಪೊಲೀಸ್ ಸಂಸ್ಥೆಯ ಒಳಗೇ ವರ್ಣದ್ವೇಷವಿದೆ ಎಂದು 1999ರಲ್ಲಿ ಹೇಳಿತು. ಪೀಟರ್ ತೊಟ್ಟಿರುವುದು ಅದೇ ಪೊಲೀಸರ ಅಂಗಿ.

ಹಾಗಾದರೆ ಪುಸ್ತಕ ಮುಚ್ಚಿ ‘ಬೂಸಾ’ ಅಂದುಬಿಡೋಣವೇ? ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದದ್ದಕ್ಕೆ 1973ರಲ್ಲಿ ಗಲಭೆಯೆದ್ದು ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಅವರ ಮಾತಿನ ಹಿಂದೆ ಒಂದು ಜನಸಮುದಾಯದ ಹಸಿವಿತ್ತು. ನಮ್ಮ ಬೇಸರದ ಹಿಂದೆ ಏನಿದೆ? ಅಷ್ಟು ದೊಡ್ಡ ಮಾತನ್ನು ಸಣ್ಣ ಮುನಿಸಿಗೆ ಖರ್ಚು ಮಾಡಬಾರದು.

ಗೆಳೆಯರೇ, ‘ನಾನು ಕೇರಿ ನೋಡಿಲ್ಲ, ಅದಕ್ಕೇ ನಿಮ್ಮ ಪಾತ್ರಗಳು ನನಗೆ ತಟ್ಟೋದಿಲ್ಲ’ ಎಂದು ಮೇಲ್ಜಾತಿಯ ಓದುಗ ಅಂದರೆ ನಾವು ಸುಮ್ಮನಿರುತ್ತೇವೆಯೇ? ‘ಕಣ್ಣು ಬಿಟ್ಟು ಓದಯ್ಯಾ’ ಅಂತೀವಿ. ಆ ಮಾತು ನಮಗೂ ಸಲ್ಲಬೇಕು. ನಮ್ಮ ಅಣ್ಣತಮ್ಮಂದಿರೂ ಡಿಗ್ರಿ ಹಿಡಿದು ಪೇದೆ ಕೆಲಸಕ್ಕೆ ಅರ್ಜಿ ಹಾಕ್ತಾರೆ. ಖಾಕಿ ತೊಟ್ಟ ದಿನವೇ ಅವರು ನಮ್ಮವರಲ್ಲದೆ ಹೋಗುತ್ತಾರಾ?

ಹೀಗೆ ಕೇಳಿಕೊಂಡು ಮತ್ತೆ ಓದಿದೆವು. ಮೊದಲ ಸಲ ನಾವು ಪೀಟರನನ್ನು ನೋಡಿರಲೇ ಇಲ್ಲ. ಅವನಲ್ಲಿ ನಮ್ಮ ಮುಖ ಹುಡುಕಿದ್ದೆವು. ಅದಕ್ಕೇ ಅವನ ಸುತ್ತ ಇದ್ದವರೂ ಕಂಡಿರಲಿಲ್ಲ.

ಈಗ ಕಂಡವಳು ಥೇಮ್ಸ್ ತಾಯಿ. 1858ರ ಬೇಸಿಗೆಯಲ್ಲಿ ಊರ ಹೊಲಸೆಲ್ಲ ಸೇರಿ ಥೇಮ್ಸ್ ನದಿ ಗಬ್ಬೆದ್ದು ನಾರಿತು. ಪಾರ್ಲಿಮೆಂಟಿನಲ್ಲೂ ಕೂರಲಾಗಲಿಲ್ಲ. ಇದು ಚರಿತ್ರೆ. ಆಗ ನದಿಯ ಹಳೆಯ ದೇವರು ಲಂಡನ್ ಬಿಟ್ಟು ಮೇಲ್ದಂಡೆಗೆ ಹೋದ ಎನ್ನುತ್ತೆ ಕಾದಂಬರಿ. ಅವನು ಬಿಟ್ಟ ನೀರಿಗೆ ಒಡತಿಯಾದವಳು, ನರ್ಸ್ ಆಗಲೆಂದು ನೈಜೀರಿಯಾದಿಂದ ಬಂದು ಬದುಕು ಸೋತು ಹೊಳೆಗೆ ಹಾರಿದ ಕಪ್ಪು ಹೆಣ್ಣು. ಕೆರೆಗೆ ಹಾರವಾದ ಭಾಗೀರಥಿಯ ಹಾಡು ಕೇಳಿ ಬೆಳೆದ ನಮಗೆ ಇವಳು ಪರದೇಶಿಯಲ್ಲ. ಹೊಲಸು ಕಂಡು ದೇವರು ಜಾಗ ಖಾಲಿ ಮಾಡಿದ ಮೇಲೆ ಅಲ್ಲಿ ಯಾರು ಉಳಿಯುತ್ತಾರೆ ಅನ್ನೋದು ನಮಗೆ ಚೆನ್ನಾಗಿ ಗೊತ್ತು.

ಪೀಟರ್ ಇನ್ನೂ ನಮ್ಮವನಾಗಿಲ್ಲ. ಆಗಲೇಬೇಕು ಅಂತಲೂ ಇಲ್ಲ. ಪಾತ್ರದೊಳಗೆ ಕರಗುವುದು ಓದುವವನ ಸುಖ. ಕರಗದಿದ್ದರೂ ಅದರ ಎದುರು ನಿಂತು ನ್ಯಾಯವಾಗಿ ನೋಡುವುದು ಓದುವವನ ಹೊಣೆ. ಸುಖ ಸಿಗಲಿಲ್ಲ ಎಂದು ಹೊಣೆ ತಪ್ಪಿಸಿಕೊಂಡವರನ್ನು ನಾವು ನೂರಾರು ವರ್ಷ ಕಂಡಿದ್ದೇವೆ. ನಾವೂ ಹಾಗಾಗೋದು ಬೇಡ.

ಮುಂದಿನ ಪುಸ್ತಕ ಕೈಗೆತ್ತಿಕೊಂಡಿದ್ದೇವೆ. ಈ ಸಲ ಮಗನ ಮಂತ್ರಕ್ಕಿಂತ ಮೊದಲು ತಾಯಿಯ ಪೊರಕೆಯನ್ನು ಹುಡುಕುತ್ತೇವೆ.