ಪಗಾರ ಮತ್ತು ಹೊತ್ತು

ಧಾರವಾಡದ ಮಾಳಮಡ್ಡಿಯಲ್ಲಿ ಹೆಂಗಸು ನೌಕರಿಗೆ ಹೋಗುವುದು ಇಂದು ಹೊಸ ಸಂಗತಿಯೇನಲ್ಲ. ರೈಲ್ವೆ ಸ್ಟೇಶನ್ನಿನ ಹತ್ತಿರದ ಈ ಓಣಿಗಳಿಂದ ಶಿಕ್ಷಕಿಯರು, ಬ್ಯಾಂಕಿನವರು, ನರ್ಸುಗಳು ಮುಂಜಾನೆ ಡಬ್ಬಿ ಕಟ್ಟಿಕೊಂಡು ಹೊರಡುತ್ತಾರೆ. ನಾನೂ ಹುಬ್ಬಳ್ಳಿಯ ಬಸ್ಸು ಹಿಡಿಯುತ್ತೇನೆ. ಮನೆಯವರ ಒಪ್ಪಿಗೆ ಇದೆ. ಆದರೆ ಆ ಒಪ್ಪಿಗೆಗೆ ಒಂದು ಕರಾರೂ ಇದೆ. ಪಗಾರ ತರುವ ಕೆಲಸಕ್ಕೆ ಮನೆ ದಾರಿ ಬಿಡುತ್ತದೆ, ಪಗಾರ ತರದ ಆಸೆಗೆ ಕಾರಣ ಕೇಳುತ್ತದೆ. ಸಂಗೀತ ಕಲಿಯಬೇಕೆಂದಿದ್ದೇನೆ ಎಂದಾಗ ನಮ್ಮ ಬಳಗದ ಹಿರಿಯರೊಬ್ಬರು ಅಕ್ಕರೆಯಿಂದಲೇ ಕೇಳಿದರು: “ನೌಕರಿ ಮನೀ ಸಲುವಾಗಿ ಮಾಡ್ತಿ, ಛಲೋ ಆತು. ಹಾಡು ಯಾರ ಸಲುವಾಗಿ, ತಂಗಿ?”

ನನ್ನ ಸಲುವಾಗಿ, ಎಂದೆ. ಆ ಉತ್ತರ ಯಾಕೆ ಸರಿ ಎಂಬುದನ್ನು ವಿವರಿಸುವ ಹೊಣೆ ನನ್ನದು. ಸಂಸಾರ, ಹಣ, ಸ್ವಂತದ ಗುರಿ ಈ ಮೂರನ್ನೂ ಸರಿದೂಗಿಸಿಕೊಂಡು ಹೋಗು ಎಂದು ದುಡಿಯುವ ತಾಯಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಮೊದಲಿನ ಎರಡು ಮುಗಿದು ಏನಾದರೂ ಉಳಿದರೆ ಮೂರನೆಯದು ಎಂಬುದು ಆ ಮಾತಿನೊಳಗಿನ ಲೆಕ್ಕ. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಅದರಲ್ಲಿ ಉಳಿಯುವುದು ಎಂದೂ ಏನೂ ಇರುವುದಿಲ್ಲ.

ಹೆಣ್ಣು ಬರೆಯಬೇಕಾದರೆ ಅವಳಿಗೆ ವರ್ಷಕ್ಕೆ 500 ಪೌಂಡು ಹಣ, ತನ್ನದೇ ಆದ ಒಂದು ಕೋಣೆ ಬೇಕು ಎಂದು ವರ್ಜೀನಿಯಾ ವುಲ್ಫ್ 1929ರಲ್ಲಿ ವಾದಿಸಿದರು. ಆ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಆದರೆ ಆ ಪುಸ್ತಕದ ನಿರೂಪಕಿಗೆ ಹಣ ಬಂದ ಬಗೆಯನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಮುಂಬಯಿಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ ಚಿಕ್ಕಮ್ಮನೊಬ್ಬಳು ಬಿಟ್ಟುಹೋದ ಆಸ್ತಿ ಅದು. ಅದಕ್ಕಾಗಿ ನಿರೂಪಕಿ ಒಂದು ದಿನವನ್ನೂ ಮಾರಬೇಕಾಗಲಿಲ್ಲ. ಪಗಾರ ಬರುವ ಬಗೆಯೇ ಬೇರೆ. ಅದು ಹಣ ಕೊಟ್ಟು ಹೊತ್ತನ್ನು ಕೊಳ್ಳುತ್ತದೆ. ಕೋಣೆ ಕಟ್ಟಿಸುವಷ್ಟು ಗಳಿಸಿದವಳಿಗೆ ಆ ಕೋಣೆಯಲ್ಲಿ ಕೂರಲು ವೇಳೆ ಇರುವುದಿಲ್ಲ. ಹೆಣ್ಣಿಗೆ ಸ್ವಂತ ಗಳಿಕೆ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆ ಗಳಿಕೆಯಿಂದಲೇ ನಾನು ಯಾರೆದುರೂ ಕೈಯೊಡ್ಡದೆ ಬದುಕುತ್ತಿದ್ದೇನೆ. ಆದರೆ ಗಳಿಕೆಯೊಂದರಿಂದಲೇ ಬಿಡುಗಡೆಯಾಯಿತು ಎಂದು ನಂಬಿದ ನಮ್ಮ ತಲೆಮಾರು ದಾರಿಯ ನಡುವೆಯೇ ನಿಂತಿದೆ.

ಪಿತ್ರಾರ್ಜಿತದ ಮಾತನ್ನು ಇಲ್ಲಿಯೇ ಆಡಬೇಕು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಆ ಮಿತಿ 2005ರ ಕೇಂದ್ರ ತಿದ್ದುಪಡಿಯಿಂದ ಹೋಯಿತು. ಕಾನೂನು ಇಷ್ಟು ಕೊಟ್ಟರೂ, ತವರು ತಪ್ಪಿಹೋಗಬಾರದೆಂದು ಎಷ್ಟೋ ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡುತ್ತಾರೆ. ಹೊತ್ತು ತಿನ್ನದ ಹಣವನ್ನು ಹೀಗೆ ಬಿಟ್ಟುಕೊಡುತ್ತೇವೆ. ಕೈಯಲ್ಲಿ ಉಳಿಯುವುದು ಹೊತ್ತು ತಿನ್ನುವ ಹಣ ಮಾತ್ರ.

ಪಗಾರಕ್ಕೆ ಕೊಟ್ಟ ಹೊತ್ತು ಹೋಗಲಿ, ಉಳಿದ ಹೊತ್ತು ಯಾರದು? ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ಸರ್ಕಾರ 2019ರಲ್ಲಿ ಸಮೀಕ್ಷೆ ಮಾಡಿಸಿತು. ಆರು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಶೇ. 81.2ರಷ್ಟು ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು, ಗಂಡಸರಲ್ಲಿ ಶೇ. 26.1ರಷ್ಟು. ಮಾಡುವವರಲ್ಲಿಯೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಕಾನೂನೂ ಇದೇ ಜಾಡಿನಲ್ಲಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದರು. ಅದು ದೊಡ್ಡ ಕೆಲಸ. ಆದರೆ ಆ ಕಾಯ್ದೆಯಲ್ಲಿ ತಂದೆಗೆ ಒಂದು ದಿನದ ರಜೆಯೂ ಇರಲಿಲ್ಲ. ಕೂಸನ್ನು ನೋಡಿಕೊಳ್ಳುವವಳು ತಾಯಿಯೊಬ್ಬಳೇ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ಛಲವಿದ್ದವರು ಇಷ್ಟರ ನಡುವೆಯೂ ಸಾಧಿಸುತ್ತಾರೆ ಎನ್ನುವವರಿದ್ದಾರೆ. ನಮ್ಮೂರಿನಲ್ಲಿ ಅದಕ್ಕೆ ಕೊಡುವ ಉದಾಹರಣೆ ಗಂಗೂಬಾಯಿ ಹಾನಗಲ್ಲರದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, 16ನೇ ವಯಸ್ಸಿಗೆ ಸಂಸಾರ ಹೂಡಿ, ಮೂರು ಮಕ್ಕಳನ್ನು ಬೆಳೆಸುತ್ತ, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತವರು ಅವರು. ಮನೆಯ ಖರ್ಚಿನ ಭಾರವೂ ಬಹುಮಟ್ಟಿಗೆ ಅವರ ಹಾಡಿನ ಮೇಲೆಯೇ ಇತ್ತು. ಅವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಆ ಕತೆಯನ್ನು ಪೂರ್ತಿ ಹೇಳಬೇಕು. ಅವರ ತಾಯಿ ಅಂಬಾಬಾಯಿ ಸ್ವತಃ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಹಿಂದೂಸ್ತಾನಿ ಕಲಿಯುತ್ತಿದ್ದ ಮಗಳ ಕಿವಿಯಲ್ಲಿ ಎರಡೂ ಪದ್ಧತಿಗಳು ಬೆರೆಯದಿರಲೆಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿದರು. 1932ರಲ್ಲಿ ತೀರಿಕೊಂಡ ಆ ತಾಯಿ ಮಗಳ ಹೆಸರು ದೇಶದಗಲ ಹಬ್ಬಿದ್ದನ್ನು ಕಾಣಲಿಲ್ಲ.

ಒಂದು ಹೆಣ್ಣಿನ ಗುರಿ ಇನ್ನೊಂದು ಹೆಣ್ಣಿನ ತ್ಯಾಗದ ಮೇಲೆ ನಿಲ್ಲುತ್ತದೆ ಎಂಬ ಸತ್ಯ ಆ ಕತೆಯಲ್ಲಿದೆ, ಇಂದಿಗೂ ಅದು ಬದಲಾಗಿಲ್ಲ. ನಾನು ಹುಬ್ಬಳ್ಳಿಯಲ್ಲಿದ್ದಾಗ ಮಗುವನ್ನು ಸಾಲಿಯಿಂದ ಕರೆತಂದು ಊಟಕ್ಕೆ ಹಾಕುವವರು ಅತ್ತೆಯವರು. ಭಾಂಡಿ ತಿಕ್ಕಲು ಬರುವಾಕೆಯೂ ತಾಯಿಯೇ. ಅವಳ ಕೂಸನ್ನು ನೋಡಿಕೊಳ್ಳುವುದು ಅವಳ ಹಿರಿಯ ಮಗಳು. ನನ್ನ ಭಾರ ನನ್ನಿಂದ ಕೆಳಗೆ, ಅಲ್ಲಿಂದ ಇನ್ನೂ ಕೆಳಗೆ, ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತ ಹೋಗುತ್ತದೆ. ಅಡ್ಡಕ್ಕೆ, ಪಕ್ಕದಲ್ಲೇ ಕುಳಿತ ಗಂಡಸಿನ ಕಡೆಗೆ ಮಾತ್ರ ಸರಿಯುವುದಿಲ್ಲ. ಹೀಗಿರುವಾಗ ಒಬ್ಬಳ ಸಾಧನೆಯನ್ನು ಅವಳ ಛಲವೊಂದಕ್ಕೇ ಕಟ್ಟುವುದು, ಕೆಳಗಿನವರ ದುಡಿಮೆಯನ್ನು ಅಳಿಸಿಹಾಕಿದಂತೆ.

ಸಂಸಾರವೆಂದರೆ ಖಾತೆಪುಸ್ತಕವೇ, ಪ್ರೀತಿ ಇದ್ದಲ್ಲಿ ಲೆಕ್ಕ ಯಾಕೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಜ್ವರ ಬಂದ ಮಗುವಿನ ಪಕ್ಕ ರಾತ್ರಿಯೆಲ್ಲ ಕುಳಿತ ತಾಯಿ ನಿಮಿಷ ಎಣಿಸುವುದಿಲ್ಲ, ಎಣಿಸಲೂಬಾರದು. ಆದರೆ ಪ್ರೀತಿ ಇಬ್ಬರದೂ ಆಗಿದ್ದು ದಣಿವು ಒಬ್ಬಳದೇ ಆದಾಗ, ಲೆಕ್ಕ ಬೇಡ ಎನ್ನುವ ಮಾತಿನಿಂದ ಲಾಭವಾಗುವುದು ದಣಿಯದವನಿಗೆ. ಲೆಕ್ಕ ಕೇಳುವುದು ಪ್ರೀತಿಗೆ ಎರವೆಂದು ನನಗೆ ಅನಿಸುವುದಿಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಗಂಡನಿಗೇ ಲೆಕ್ಕ ಕೇಳಿದವಳು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಷ್ಟು ನಮಗೆ ಬೇಕಿಲ್ಲ, ಸುರಿದು ಬಾ ಎಂದು ಕಳಿಸಿದಳು ಎಂಬ ಕತೆ ನಮಗೆಲ್ಲ ಗೊತ್ತು. ಅವಳ ದಾಂಪತ್ಯ ಅದರಿಂದ ಚಿಕ್ಕದಾಗಲಿಲ್ಲ.

ಲಕ್ಕಮ್ಮನ ಪ್ರಶ್ನೆಯೇ ಇಂದು ನಮಗೆ ಬೇಕಾದದ್ದು: ಎಷ್ಟು ಸಾಕು? ಎರಡು ಪಗಾರದ ಮನೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಮೊದಲು ಮನೆಸಾಲ, ಆಮೇಲೆ ಕಾರು, ಆಮೇಲೆ ಇನ್ನೂ ದುಬಾರಿಯ ಸಾಲಿ, ಟ್ಯೂಶನ್, ಭಿಶಿ. ಎರಡನೆಯ ಪಗಾರ ಬರುವ ಮೊದಲೇ ಅದರ ಖರ್ಚು ನಿಗದಿಯಾಗಿರುತ್ತದೆ. ಅದನ್ನು ತುಂಬಲು ಮತ್ತಷ್ಟು ಹೊತ್ತು ಹೋಗುತ್ತದೆ. ಒಂದು ಪಗಾರದಲ್ಲಿ ಇಡೀ ಮನೆ ನಡೆಸುವ ತಾಯಿಗೆ ಈ ಪ್ರಶ್ನೆ ಹಾಕುವುದು ಅನ್ಯಾಯ. ಅವಳಿಗೆ ಬೇಕಾದದ್ದು ಸರಿಯಾದ ಕೂಲಿ, ಮಗುವನ್ನು ನಂಬಿ ಬಿಡಬಹುದಾದ ಜಾಗ. ಆದರೆ ನಮ್ಮಂಥ ಮಧ್ಯಮ ವರ್ಗದ ಮನೆಗಳು ಬೇಕುಗಳಿಗೆ ಒಂದು ಗೆರೆ ಎಳೆದುಕೊಳ್ಳಬಲ್ಲವು. ಹಣದ ಆಸೆಯನ್ನು ಎಲ್ಲಿ ನಿಲ್ಲಿಸುತ್ತೇವೋ ಅಲ್ಲಿಂದ ಹೊತ್ತು ನಮ್ಮದಾಗಲು ಶುರುವಾಗುತ್ತದೆ.

ಹಾಗೆ ಬಿಡಿಸಿಕೊಂಡ ಹೊತ್ತನ್ನು ಮೊದಲೇ ಹಂಚಿಡಬೇಕು. ತಿಂಗಳ ಮೊದಲಿಗೆ ಸಾಲದ ಕಂತು ತೆಗೆದಿಡುವ ನಾವು, ವಾರದಲ್ಲಿ ಇಂತಿಷ್ಟು ವೇಳೆ ಇವಳದು ಎಂದೂ ತೆಗೆದಿಡಬಹುದು. ಆ ವೇಳೆಯಲ್ಲಿ ಮನೆ ನಡೆಸುವ ಹೊಣೆ ಗಂಡನದು, ಅತ್ತೆಯವರದಲ್ಲ. ಅತ್ತೆಯವರಿಗೂ ಅಷ್ಟೇ ವೇಳೆ ಮೀಸಲಾಗಬೇಕು. ಅವರಿಗೂ ಬಿಟ್ಟುಹೋದ ಆಸೆಗಳಿವೆ, ಅವನ್ನು ಯಾರೂ ಕೇಳಿಲ್ಲ.

ತಾಯಿ ಕಲಿತರೆ ಮಕ್ಕಳಿಗೆ ಒಳ್ಳೆಯದು ಎಂಬ ವಾದವನ್ನು ನನ್ನ ಪರವಾಗಿಯೇ ಕೆಲವರು ಮಂಡಿಸುತ್ತಾರೆ. ಅದು ನಿಜವೇ ಇರಬಹುದು. ಆದರೂ ಆ ವಾದದ ಆಸರೆ ನನಗೆ ಬೇಡ. ಅದನ್ನು ಒಪ್ಪಿದರೆ, ಹೆಣ್ಣಿನ ಆಸೆ ಬೇರೆ ಯಾರಿಗಾದರೂ ಉಪಯೋಗವಾದಾಗ ಮಾತ್ರ ಸರಿ ಎಂದು ಒಪ್ಪಿದಂತಾಗುತ್ತದೆ. ನಾಳೆ ಮಕ್ಕಳಿಗೆ ಅದರಿಂದ ಏನೂ ಪ್ರಯೋಜನವಿಲ್ಲವೆಂದು ತೋರಿದರೆ ಆ ಆಸೆಯ ಹಕ್ಕೂ ಹೋದಂತೆ. ಮಕ್ಕಳ ಮೇಲೆ ನನಗಿರುವ ಪ್ರೀತಿಗೆ ಸಾಕ್ಷಿ ಬೇಕಾಗಿಲ್ಲ. ಕಲಿಯಬೇಕೆಂಬ ನನ್ನ ಆಸೆಗೂ ಬೇಕಾಗಬಾರದು. ಗಂಡಸು ಒಂದನ್ನು ಕಲಿಯಬೇಕೆಂದಾಗ ಅವನಿಗೆ ಮನಸ್ಸಾಗಿದೆ ಎಂಬುದನ್ನೇ ಸಾಕಷ್ಟು ಕಾರಣವೆಂದು ಮನೆ ಒಪ್ಪಿಕೊಳ್ಳುತ್ತದೆ. ತಾಯಿಯ ವಿಷಯದಲ್ಲೂ ಅಷ್ಟೇ ಕಾರಣ ಸಾಕಾಗಬೇಕು.