ಒಂದೇ ಚುಕ್ಕೆ, ಮೂರು ದಾರಿ

ಬೆಂಗಳೂರಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವಾಗ ಫೋನಿನ ನಕ್ಷೆ ನನಗೆ ಎರಡು ಸಲ ಕೈಕೊಟ್ಟಿದೆ. ನಾನು ಕೆಳಗಿನ ರಸ್ತೆಯಲ್ಲಿ ಸಿಗ್ನಲ್ ಕಾಯುತ್ತಿದ್ದರೆ, ಫೋನಿನ ದನಿ ನಾನು ಮೇಲ್ಸೇತುವೆಯಲ್ಲಿ ಹಾರುತ್ತಿದ್ದೇನೆಂದೇ ನಂಬಿತ್ತು. ಪಾಪ, ಅದನ್ನು ಬೈದು ಫಲವಿಲ್ಲ. 2024ರಲ್ಲಿ ತೆರೆದ ಆ ಡಬಲ್ ಡೆಕ್ಕರ್‌ನಲ್ಲಿ ನೆಲದ ಮೇಲೊಂದು ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದರ ನೆತ್ತಿಗೆ ಮೆಟ್ರೊ. ಅಕ್ಷಾಂಶ, ರೇಖಾಂಶ ಕೇಳಿದರೆ ಮೂರಕ್ಕೂ ಒಂದೇ ಉತ್ತರ.

ರಸ್ತೆಗಳ ಡಿಜಿಟಲ್ ಟ್ವಿನ್, ಅಂದರೆ ಕಂಪ್ಯೂಟರಿನೊಳಗಿನ ಅವಳಿ ಕಟ್ಟುವವರ ತಲೆನೋವೂ ಇದೇ. ಚಿತ್ರ ಎಷ್ಟೇ ಚೆಂದವಿರಲಿ, ಯಾವುದು ಯಾವುದರ ಮೇಲೆ, ಯಾವುದು ಯಾವುದಕ್ಕೆ ಕೂಡುತ್ತದೆ, ಯಾವುದು ಸುಮ್ಮನೆ ಹಾದುಹೋಗುತ್ತದೆ ಎಂಬುದನ್ನು ಬೇರೆಯಾಗಿಯೇ ಹೇಳಿಕೊಡಬೇಕು. ಇಲ್ಲವಾದರೆ ಎರಡು ಗೆರೆ ಸಂಧಿಸಿದಲ್ಲೆಲ್ಲ ತಿರುವಿದೆ ಎಂದುಕೊಂಡು ಯಂತ್ರ ನಮ್ಮನ್ನು ಸೇತುವೆಯಿಂದ ಕೆಳಕ್ಕೆ ಧುಮುಕಲು ಹೇಳೀತು. ಇದಕ್ಕೆಂದೇ ಓಪನ್‌ಡ್ರೈವ್ ಎಂಬ ಮಾದರಿಯೊಂದಿದೆ. ರಸ್ತೆಗೊಂದು ಆಧಾರರೇಖೆ ಎಳೆದು, ಅದರ ಗುಂಟ ಎಷ್ಟು ದೂರ, ಅದರಿಂದ ಎಡಕ್ಕೋ ಬಲಕ್ಕೋ ಎಷ್ಟು ಎಂದು ಒಂದೊಂದು ಫಲಕವನ್ನೂ ಗುರುತಿಸುತ್ತದೆ. ಮೈಲಿಗಲ್ಲಿನ ಹಳೇ ಲೆಕ್ಕವೇ, ಹೊಸ ಅಂಗಿ ತೊಟ್ಟಿದೆ.

ನೆಲದ ಮೇಲಿನದನ್ನು ಹೇಗೋ ಅಳೆದಾರು. ಅಡಿಯಲ್ಲಿರುವುದು? 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಅಗೆಯುವವರು ಮೊದಲು ಅದರಲ್ಲಿ ತಿಳಿಸಿದರೆ ಅಲ್ಲಿ ಕೊಳವೆ, ಕೇಬಲ್ ಹೂತವರಿಗೆ ಸುದ್ದಿ ಮುಟ್ಟುತ್ತದೆ. ನಮ್ಮ ಬೀದಿಯಲ್ಲಿ ಆ ಕೆಲಸವನ್ನು ನೀರು ಬಿಡುವ ವಾಲ್ವ್‌ಮನ್ ಮಾಡುತ್ತಾರೆ. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ, ಕಾಲಿಗೆ ಹವಾಯಿ ಚಪ್ಪಲಿ. ಜೆಸಿಬಿ ಬಂದು ಬಾಯಿ ತೆರೆದಾಗ ಕೈ ಅಡ್ಡ ಹಿಡಿದಿದ್ದರು: ‘ಇಲ್ಲಿ ಬ್ಯಾಡ ಕಣಪ್ಪ. ಹೊಂಗೆ ಮರದಿಂದ ನಾಕು ಹೆಜ್ಜೆ ಈಚೆ ಕಾವೇರಿ ಪೈಪು. ಅದರ ಮ್ಯಾಲೆ ಕರೆಂಟ್ ಕೇಬಲ್ಲು. ಅದಕ್ಕೂ ಮ್ಯಾಲೆ ಟೆಲಿಫೋನಿಂದು.’

ಅಕ್ಷಾಂಶವಿಲ್ಲ, ರೇಖಾಂಶವಿಲ್ಲ. ‘ಇಂದ’, ‘ಈಚೆ’, ‘ಮ್ಯಾಲೆ’, ಇಷ್ಟರಲ್ಲೇ ಮುಗಿಯಿತು. ಚಾಲಕ ಎರಡು ಮಾರು ಹಿಂದೆ ಸರಿದು ಅಗೆದ; ಒಂದು ತಂತಿಯೂ ತುಂಡಾಗಲಿಲ್ಲ.

ಹೋದ ವರ್ಷ ಆ ಹೊಂಗೆ ಮರ ರಸ್ತೆ ಅಗಲೀಕರಣಕ್ಕೆ ಹೋಯಿತು. ವಾಲ್ವ್‌ಮನ್ ಈಗ ಎದುರುಮನೆಯ ಗೇಟಿನಿಂದ ಹೆಜ್ಜೆ ಎಣಿಸುತ್ತಾರೆ. ಏಳು.