ಬಳಿಯಲ್ಲಿ ನಿಂತವರು



ನಿನ್ನೆ ಪವಿತ್ರ ಶಿಲುಬೆಯ ಹಬ್ಬ. ಇಂದು, ಸೆಪ್ಟೆಂಬರ್ 15, ಶೋಕಮಾತೆಯ ಹಬ್ಬ. ಕಾಸರಗೋಡಿನ ಬೇಳದ ಇಗರ್ಜಿ 1890ರಲ್ಲೇ ಈ ತಾಯಿಯ ಹೆಸರಿನಲ್ಲಿ ಎದ್ದು ನಿಂತಿತು. ಹಾಗಾಗಿ ಈ ಸೀಮೆಯ ನಮಗೆ ಇದು ಮನೆಯ ಹಬ್ಬ.

ಯೊವಾನ್ನರ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಶಿಲುಬೆಯ ಬಳಿ ಮರಿಯಮ್ಮ ಒಂದು ಮಾತನ್ನೂ ಆಡುವುದಿಲ್ಲ. ಮಗನ ಕೈಯ ಮೊಳೆ ಕೀಳಲು, ಸೈನಿಕರನ್ನು ತಡೆಯಲು ಅವರಿಂದ ಆಗಲಿಲ್ಲ. ಅವರು ನಿಂತಿದ್ದರು. ಅಲ್ಲಿ ಅವರು ಮಾಡಿದ್ದಾಗಿ ಸುವಾರ್ತೆ ಹೇಳುವುದು ಇಷ್ಟನ್ನೇ.

ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ದಿನವೂ ಕಿವಿಗೆ ಬೀಳುವ ಇಂಗ್ಲಿಷ್ ಪದ ಒಂದಿದೆ: ಬೈಸ್ಟ್ಯಾಂಡರ್. 'ಈ ರೋಗಿಯ ಬೈಸ್ಟ್ಯಾಂಡರ್ ಯಾರು?' ಎಂದು ನರ್ಸ್ ಕೇಳಿದ ಕೂಡಲೇ ವಾರ್ಡಿನ ಮೂಲೆಯಿಂದ ಒಬ್ಬ ಹೆಂಗಸು ಔಷಧದ ಚೀಟಿ ಹಿಡಿದು ಏಳುತ್ತಾಳೆ. ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋದರೆ ಅವಳನ್ನೇ ಅಟೆಂಡರ್ ಎನ್ನುತ್ತಾರೆ. ಇಂಗ್ಲಿಷ್ ನಿಘಂಟು ತೆರೆದರೆ ಬೈಸ್ಟ್ಯಾಂಡರ್ ಎಂದರೆ ನಡೆಯುವುದನ್ನು ನೋಡುತ್ತ ನಿಂತವನು, ಅದರಲ್ಲಿ ತನ್ನ ಪಾಲಿಲ್ಲದವನು. ಕೇರಳದ ಜನ ಅದೇ ಪದವನ್ನು ಎತ್ತಿಕೊಂಡು, ರೋಗಿಯ ಪಕ್ಕ ನಿದ್ದೆಗೆಟ್ಟು ಸೇವೆ ಮಾಡುವವರ ಹೆಸರಾಗಿ ಮಾಡಿದ್ದಾರೆ. ನಾವು ಕನ್ನಡದಲ್ಲಿ ಕೇಳುವುದೂ ಹಾಗೆಯೇ: 'ಆಸ್ಪತ್ರೆಯಲ್ಲಿ ನಿಲ್ಲಲಿಕ್ಕೆ ಯಾರಿದ್ದಾರೆ?'

ಕಲ್ವಾರಿಯಲ್ಲಿ ಎರಡೂ ಬಗೆಯವರಿದ್ದರು. ಹಾದುಹೋಗುತ್ತ ಗೇಲಿ ಮಾಡಿದವರು ನಿಘಂಟಿನ ಬೈಸ್ಟ್ಯಾಂಡರುಗಳು. ತಾಯಿ, ಮಗ್ದಲದ ಮರಿಯಾ, ಪ್ರಿಯ ಶಿಷ್ಯ ನಮ್ಮ ಊರಿನ ಅರ್ಥದವರು. ಯೇಸು ಹೇಳಿದ ಕಥೆಯಲ್ಲಿನ, ಜೆರಿಕೋ ದಾರಿಯ ಸಮಾರಿಯದವನೂ ಆ ಸಾಲಿನವನೇ. ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ ಅವನು ಹೊರಟುಬಿಡಲಿಲ್ಲ. ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ. ಛತ್ರದವನಿಗೆ ಹಣ ಕೊಟ್ಟು ಹೊರಟದ್ದು ಮಾರನೆಯ ದಿನ.

ಗುಣಪಡಿಸಲಾಗದ ಕಡೆಯಲ್ಲೂ ಬಿಟ್ಟುಹೋಗದೆ ನಿಲ್ಲುವುದು ಏನೆಂದು ಕಾಸರಗೋಡಿಗೆ ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಎಣ್ಮಕಜೆಯ ಪಡ್ರೆಯಲ್ಲಿ, ಬೆಳ್ಳೂರಿನಲ್ಲಿ, ಮುಳಿಯಾರಿನಲ್ಲಿ ಮಕ್ಕಳು ಏಳಲಾರದೆ, ಮಾತು ಬಾರದೆ ಬೆಳೆದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಆದೇಶದ ಮೊದಲೂ ನಂತರವೂ ಆ ಮಕ್ಕಳ ಮಗ್ಗುಲು ಬದಲಿಸಿದ್ದು, ಗಂಜಿ ಉಣ್ಣಿಸಿದ್ದು, ಸ್ನಾನ ಮಾಡಿಸಿದ್ದು ತಾಯಂದಿರು. ಮಗ ಬೆಳೆದು ಭಾರವಾದ, ತಾಯಿಯ ಬೆನ್ನು ಬಾಗಿತು. ತಾನು ಹೋದ ಮೇಲೆ ಇವನಿಗೆ ಯಾರು ಎಂಬ ಭಯದಲ್ಲಿ ಅವಳ ದಿನ ಮುಗಿಯುತ್ತದೆ. ಸಿಮೆಯೋನನು ಮರಿಯಮ್ಮನಿಗೆ ಹೇಳಿದ ಅಲಗು ಅವಳ ಎದೆಯಲ್ಲೂ ನೆಟ್ಟಿದೆ.

2020ರ ಮಾರ್ಚಿನಲ್ಲಿ, ಕೋವಿಡ್ ಹರಡಿದಾಗ, ತಲಪಾಡಿಯ ಗಡಿ ಮುಚ್ಚಿದ್ದು ನಿಮಗೆ ನೆನಪಿದೆ. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ನಮ್ಮವರಲ್ಲಿ ಹಲವರು ಅಲ್ಲಿಗೆ ತಲುಪಲಾಗದೆ ತೀರಿಕೊಂಡರು. ಅವರನ್ನು ಕರೆತಂದವರಿಗೆ ರಸ್ತೆ ತೆರೆಯುವ ಶಕ್ತಿ ಇರಲಿಲ್ಲ, ಆದರೂ ಕೈ ಬಿಡಲಿಲ್ಲ. ಆ ನಿಲುವಿಗೆ ಫಲವಿಲ್ಲ ಎನ್ನುವವರು ಶಿಲುಬೆಯ ಬುಡದಲ್ಲಿ ನಿಂತ ತಾಯಿಯನ್ನು ನೋಡಲಿ.

ಇನ್ನು ಯೇಸು ಮಾಡಿದ್ದನ್ನು ಗಮನಿಸಿ. ಉಸಿರು ಕಟ್ಟುತ್ತಿದ್ದ ಹೊತ್ತಿನಲ್ಲೂ ಅವರು ತಮ್ಮ ಬಳಿ ನಿಂತವಳನ್ನು ಕಂಡರು. ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು. ಅವನು ಅಂದಿನಿಂದಲೇ ಆಕೆಯನ್ನು ತನ್ನ ಮನೆಗೆ ಕರೆದುಕೊಂಡ. ಸೇವೆ ಮಾಡುವವಳಿಗೂ ಆಸರೆ ಬೇಕು ಎಂದು ಪ್ರಭು ಶಿಲುಬೆಯ ಮೇಲಿಂದ ಕಲಿಸಿದ ಪಾಠ ಇದು. ನಾವು ರೋಗಿಯನ್ನು ನೋಡಲು ಹಣ್ಣು ಹಿಡಿದು ಹೋಗುತ್ತೇವೆ, ರೋಗಿಯ ಬಗ್ಗೆ ವಿಚಾರಿಸಿ ಮರಳುತ್ತೇವೆ. ಪಕ್ಕದಲ್ಲಿರುವವಳನ್ನು 'ನೀನು ಉಂಡೆಯಾ, ಮಲಗಿದೆಯಾ?' ಎಂದು ಕೇಳುವವರು ಎಷ್ಟು ಜನ?

ಆದ್ದರಿಂದ ಇಂದಿನ ಹಬ್ಬದ ಕೆಲಸವನ್ನು ಹೇಳುತ್ತೇನೆ. ನಮ್ಮ ಇಗರ್ಜಿಯ ಪ್ರತಿ ವಾಳೆಯ ಗುರಿಕಾರರು ತಮ್ಮಲ್ಲಿ ಹಾಸಿಗೆ ಹಿಡಿದವರಿರುವ ಮನೆಗಳನ್ನು ಗುರುತಿಸಲಿ. ನಮ್ಮ ಸಭೆಯವರದ್ದಷ್ಟೇ ಸಾಲದು, ಪಕ್ಕದ ಹಿಂದೂ, ಮುಸ್ಲಿಂ ಮನೆಗಳೂ ಆ ಪಟ್ಟಿಯಲ್ಲಿರಲಿ. ಸಮಾರಿಯದವನು ಗಾಯಾಳುವಿನ ಜಾತಿ ಕೇಳಲಿಲ್ಲ. ವಾರಕ್ಕೆ ಒಂದು ರಾತ್ರಿಯಾದರೂ ಆ ಮನೆಯಲ್ಲಿ ನಿಂತು, ತಾಯಿಗೆ ನಿದ್ದೆ ಮಾಡಲು ಬಿಡಿ. ಅವಳು ನಮ್ಮ ಸಭೆಯವಳಾದರೆ, ಭಾನುವಾರ ನೀವು ಕುಳಿತಾಗ ಪೂಜೆಗೆ ಬರಬಹುದು. ಮಲಯಾಳ ಬಲ್ಲ ಯುವಕ ಯುವತಿಯರೇ, ಆಶ್ವಾಸಕಿರಣಂ ಎಂಬ ಸರ್ಕಾರಿ ಯೋಜನೆ ಆರೈಕೆ ಮಾಡುವವರಿಗೆಂದೇ ಇದೆ. ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ, ಕನ್ನಡ ಮಾತ್ರ ಓದಬಲ್ಲ ತಾಯಂದಿರ ಜೊತೆ ಕುಳಿತು ಅರ್ಜಿ ತುಂಬಿಸಿ. ಗಂಡಸರಿಗೆ ಒಂದು ಮಾತು: ಶಿಲುಬೆಯ ಬಳಿ ಹೆಂಗಸರೇ ಹೆಚ್ಚಿದ್ದರು, ಶಿಷ್ಯರಲ್ಲಿ ಒಬ್ಬನೇ ನಿಂತ. ಇಂದಿಗೂ ವಾರ್ಡುಗಳಲ್ಲಿ ಲೆಕ್ಕ ಹಾಗೆಯೇ ಇದೆ. ಅದನ್ನು ಬದಲಿಸುವುದು ನಿಮ್ಮ ಕೈಯಲ್ಲಿದೆ.

ಸೇವೆ ಮಾಡಿಸಿಕೊಳ್ಳಲು ಬಾರದೆ, ಸೇವೆ ಮಾಡಲು ಬಂದ ಪ್ರಭುವೇ, ನೋಡುತ್ತ ನಿಲ್ಲುವ ನಮ್ಮನ್ನು ಜೊತೆ ನಿಲ್ಲುವವರನ್ನಾಗಿ ಮಾಡಿ. ಈ ರಾತ್ರಿ ರೋಗಿಯ ಪಕ್ಕ ಎಚ್ಚರವಿರುವ ಎಲ್ಲರಿಗೂ ಬಲ ಕೊಡಿ, ಮತ್ತು ಅವರ ಪಾಳಿಯನ್ನು ವಹಿಸಿಕೊಳ್ಳಲು ನಮ್ಮನ್ನು ಕಳುಹಿಸಿ. ಆಮೆನ್.